ಶಿಳ್ಳೆ ಗಿಟ್ಟಿಸಿದ ಉಮಾಶ್ರೀ ಗುಲಾಬಿಯಾದಾಗ...

ಒಂದು ಕಾಲಕ್ಕೆ ತೆರೆಯ ಮೇಲೆ ಉಮಾಶ್ರೀ ಕಂಡರೆ ಸಾಕು, ಬಾಯಿ ತೆರೆಯುವ ಮೊದಲೇ ಗಾಂಧಿಕ್ಲಾಸಿನಲ್ಲಿ ಶಿಳ್ಳೆ! ತಿಪಟೂರು ತಾಲ್ಲೂಕು ನೊಣವಿನಕೆರೆಯಲ್ಲಿ ಹುಟ್ಟಿದ ಈ ಹೆಣ್ಣುಮಗಳು ಚಿತ್ರರಂಗದಲ್ಲಿ ಹೆಸರಾದದ್ದು 1984ರಲ್ಲಿ, ಕಾಶಿನಾಥ್ ಅವರ 'ಅನುಭವ'ದಿಂದ. ಆಮೇಲೆ ಸಿಕ್ಕಿದ್ದು ಬಹುಪಾಲು ಅದೇ ಪೈಕಿ. ಎನ್.ಎಸ್. ರಾವ್ ಜತೆ ಜೋಡಿ, ಎರಡರ್ಥದ ಮಾತು, ಗೊಳ್ಳೆಂದು ನಗು. ಉಪ್ಪು ಮಾರುವವನ ಅಂಗಡೀಲಿ ಕೇಸರಿ ಕೇಳೋರು ಯಾರು ಹೇಳಿ? ಹಾಸ್ಯದವಳು ಅಂತ ಹಣೆಪಟ್ಟಿ ಹಚ್ಚಿಯಾಯ್ತು.

ಹಾಗಂತ ಅಂಗಡಿಯಲ್ಲಿ ಕೇಸರಿ ಇರಲಿಲ್ಲ ಅಂತಲ್ಲ. ನಾಟಕ ನೋಡುವವರಿಗೆ ಅದು ಗೊತ್ತಿತ್ತು. ದೇವನೂರ ಮಹಾದೇವರ 'ಒಡಲಾಳ' ಸಿಜಿಕೆ ನಿರ್ದೇಶನದಲ್ಲಿ ರಂಗಕ್ಕೆ ಬಂದಾಗ ಸಾಕವ್ವನಾಗಿ ನಿಂತವರು ಇದೇ ಉಮಾಶ್ರೀ. ಕಳೆದುಹೋದ ಹುಂಜಕ್ಕಾಗಿ ಗೋಳಾಡುವ ಮುದುಕಿ. ಅವಳ ಬೈಗುಳಕ್ಕೆ ಜನ ನಗಬೇಕು, ಆ ಮನೆಯ ಹಸಿವು ಕಂಡು ಮರುಗಬೇಕು. ಎರಡೂ ಒಬ್ಬಳೇ ಮಾಡಿಸಬೇಕು.

ಸಿನಿಮಾದಲ್ಲಿ ಅಂಥ ತೂಕದ ಪಾತ್ರ ಸಿಕ್ಕಿ ಹೆಸರು ದೇಶಕ್ಕೆ ಮುಟ್ಟುವ ಹೊತ್ತಿಗೆ ಇಪ್ಪತ್ತು ವರ್ಷದ ಮೇಲಾಗಿತ್ತು. ವೈದೇಹಿಯವರ ಕಥೆ ಆಧರಿಸಿ ಗಿರೀಶ್ ಕಾಸರವಳ್ಳಿ 'ಗುಲಾಬಿ ಟಾಕೀಸ್' ಮಾಡಿದರು. ಕುಂದಾಪುರದ ಕಡೆಯ ಮೀನುಗಾರರ ಊರು. ಗುಲಾಬಿ ಅಲ್ಲಿನ ಮುಸ್ಲಿಂ ಸೂಲಗಿತ್ತಿ. ಗಂಡ ಬಿಟ್ಟುಹೋಗಿದ್ದಾನೆ, ಸಿನಿಮಾ ಅಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಡಿಶ್ ಆಂಟೆನಾ ಸಮೇತ ಟಿ.ವಿ. ಬರುತ್ತದೆ. ಊರ ಹೆಂಗಸರೆಲ್ಲ ಅವಳ ಮನೇಲಿ! ಅಷ್ಟರಲ್ಲಿ 1999ರ ಕಾರ್ಗಿಲ್ ಯುದ್ಧ. ನೆನ್ನೆ ಚಾಪೆ ಹಂಚಿಕೊಂಡವರ ಮನಸ್ಸಿನಲ್ಲಿ ಇವತ್ತು ಅನುಮಾನ. ಕೊನೆಗೆ ಗುಲಾಬಿಗೆ ಊರೇ ಇಲ್ಲ.

ಇಲ್ಲಿ ಉಮಾಶ್ರೀ ಹಳೆಯ ನಗುವನ್ನು ಬಿಟ್ಟು ಬರಲಿಲ್ಲ. ಟಿ.ವಿ. ಕಂಡು ಮಗುವಿನಂತೆ ಅರಳುವ ಗುಲಾಬಿಯನ್ನು ನೋಡಿ ಜನ ನಕ್ಕರು. ನಕ್ಕು ಹತ್ತಿರವಾದ ಮೇಲೆ ಅವಳನ್ನು ಹೊರಗಟ್ಟಿದ್ದು ಚುಚ್ಚಿತು. ಮೊದಲಿಂದ ಅಳುತ್ತಲೇ ಇದ್ದಿದ್ದರೆ ಅಷ್ಟು ನೋಯುತ್ತಿತ್ತೇ?

2007ನೇ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಶ್ರೇಷ್ಠ ನಟಿ ಪಟ್ಟ ಬಂದದ್ದು ಈ ಪಾತ್ರಕ್ಕೆ. 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯೂ ಆದರು.

ಪ್ರಶಸ್ತಿ ಬಂದ ಮೇಲೆ 'ಇವಳಲ್ಲಿ ಇಷ್ಟೆಲ್ಲ ಇತ್ತಾ' ಅಂತ ಬೆರಗಾಗುವುದು ಸುಲಭ. ಇದ್ದದ್ದು ಮೊದಲಿಂದಲೂ ಇತ್ತು ಸ್ವಾಮಿ, ಕೇಳಿದವರು ಕಡಿಮೆ. ನಗಿಸೋರನ್ನು ನೋಡಿ ನಕ್ಕು ಮರೆಯುವ ಮುಂಚೆ ಇಷ್ಟು ನೆನಪಿದ್ದರೆ ಸಾಕು.