ವೀಲಿನ ಮುಖ ನೋಡಬೇಡಿ, ಬೆನ್ನು ನೋಡಿ
ಹಳೆಯ ಸ್ಪೋರ್ಟ್ಸ್ ಕಾರಿಗೆ ಸೆಕೆಂಡ್ ಹ್ಯಾಂಡ್ ಕಂಪನಿ ವೀಲ್: ತಪ್ಪು ಕಲ್ಪನೆ ಮತ್ತು ಸತ್ಯ

ಹಳೆಯ ಸ್ಪೋರ್ಟ್ಸ್ ಕಾರು ಕೊಂಡವರು ಮೊದಲು ಕೈಹಾಕುವುದು ವೀಲಿಗೆ. ಎಂಜಿನ್ ಬಿಚ್ಚಲು ಧೈರ್ಯ ಬೇಕು, ಬಣ್ಣ ಹೊಡೆಸಲು ಹಣ ಬೇಕು. ವೀಲ್ ಬದಲಿಸಲು ಒಂದು ಜಾಕ್, ಒಂದು ಸ್ಪ್ಯಾನರ್, ಒಂದು ಭಾನುವಾರ ಇದ್ದರಾಯಿತು. ಇಷ್ಟು ಸುಲಭವಾಗಿ ಕಾಣುವುದರಿಂದಲೇ ಈ ಕೆಲಸದಲ್ಲಿ ತಪ್ಪುಗಳೂ ಜಾಸ್ತಿ.

ಉದಾಹರಣೆಗೆ ಪೋರ್ಶೆ 944 ತೆಗೆದುಕೊಳ್ಳೋಣ. 1982ರಿಂದ 1991ರವರೆಗೆ ಜರ್ಮನಿಯ ನೆಕರ್‌ಸುಲ್ಮ್‌ನಲ್ಲಿ, ಔಡಿ ಕಾರ್ಖಾನೆಯಲ್ಲಿ ತಯಾರಾದ ಕಾರು ಇದು. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ, ಓಟ ಹಿಂದಿನ ಚಕ್ರಗಳಿಂದ. ಜರ್ಮನಿಯಲ್ಲೋ ಅಮೆರಿಕದಲ್ಲೋ ನೆಲೆಸಿ ಹಳೆಯ ಪೋರ್ಶೆಯ ಆಸೆ ಇಟ್ಟುಕೊಂಡ ಕನ್ನಡಿಗರಿಗೂ ಈ ಹೆಸರು ಹೊಸದಲ್ಲ. ಇದರ ಕಂಪನಿ ವೀಲ್‌ಗಳು ಈಗಲೂ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈ ಬದಲಾಯಿಸುತ್ತಿರುತ್ತವೆ. ಅವುಗಳ ಜೊತೆಗೆ ಕೆಲವು ನಂಬಿಕೆಗಳೂ ಕೈಯಿಂದ ಕೈಗೆ ದಾಟಿಕೊಂಡು ಬಂದಿವೆ. ಒಂದೊಂದನ್ನೇ ಪರೀಕ್ಷಿಸೋಣ.

ತಪ್ಪು ಕಲ್ಪನೆ 1: ಐದು ರಂಧ್ರ ಕೂತರೆ ವೀಲ್ ಕೂತಂತೆ

ಸತ್ಯ: ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲಾಯ್ ಕೊಳ್ಳಲು ಹೋದರೂ ಮೊದಲು ಕೇಳಿಬರುವ ಮಾತು ಪಿಸಿಡಿ. 944ರ ಪಿಸಿಡಿ 5x130, ಅಂದರೆ 130 ಮಿ.ಮೀ. ವ್ಯಾಸದ ವೃತ್ತದ ಮೇಲೆ ಐದು ರಂಧ್ರ. ಪೋರ್ಶೆಯದೇ 911ರಲ್ಲೂ ಇದೇ ಅಳತೆ. ಕಯೆನ್‌ನಂಥ ಭಾರೀ ಎಸ್‌ಯುವಿಯಲ್ಲೂ ಇದೇ ಅಳತೆ. ಹಾಗೆಂದು ಒಂದರದು ಇನ್ನೊಂದಕ್ಕೆ ಆಗಲೇಬೇಕೆಂದಿಲ್ಲ. ಅಷ್ಟೇಕೆ, ಒಂದು 944ರ ವೀಲ್ ಇನ್ನೊಂದು 944ಕ್ಕೇ ಆಗದೆ ಹೋಗಬಹುದು.

ಕಾರಣ ಆಫ್‌ಸೆಟ್. ವೀಲಿನ ಅಗಲದ ನಟ್ಟನಡುವಿನ ಗೆರೆಗೂ, ಅದು ಹಬ್‌ಗೆ ಒರಗುವ ಮುಖಕ್ಕೂ ನಡುವಿನ ದೂರವೇ ಆಫ್‌ಸೆಟ್. ವೀಲಿನ ಮೇಲೆ ಇದನ್ನು ‘ಇಟಿ’ ಎಂದು ಬರೆದು ಮಿಲಿಮೀಟರ್‌ನಲ್ಲಿ ಕೊಟ್ಟಿರುತ್ತಾರೆ. ಮೊದಲ ವರ್ಷಗಳ 944ರಲ್ಲಿ ಇದು ಸುಮಾರು 23. 1987ರ ಮಾದರಿಯಿಂದ ಪೋರ್ಶೆ ಸಸ್ಪೆನ್ಷನ್ನಿನ ಜ್ಯಾಮಿತಿಯನ್ನೇ ಬದಲಿಸಿತು, ಎಬಿಎಸ್ ಬ್ರೇಕಿಗೂ ಜಾಗ ಮಾಡಿತು. ಆಗ ಆಫ್‌ಸೆಟ್ ಸುಮಾರು 52ಕ್ಕೆ ಏರಿತು. ಎರಡರ ನಡುವೆ 29 ಮಿ.ಮೀ. ವ್ಯತ್ಯಾಸ, ಹೆಚ್ಚುಕಡಿಮೆ ಎರಡು ಬೆರಳಗಲ.

ಕಣ್ಣಿಗೆ ಇದು ಕಾಣುವುದೇ ಇಲ್ಲ. ಹಳೆಯ ಟೆಲಿಫೋನಿನ ಡಯಲ್‌ನಂತೆ ಸುತ್ತಲೂ ದುಂಡು ರಂಧ್ರವಿರುವ ‘ಫೋನ್ ಡಯಲ್’ ವೀಲ್ ಎರಡೂ ಕಾಲದಲ್ಲಿ ಬಂದಿದೆ. ಎದುರಿನಿಂದ ನೋಡಿದರೆ ಎರಡೂ ಒಂದೇ. ಹಳೆಯ ವೀಲನ್ನು ಹೊಸ ಕಾರಿಗೆ ಹಾಕಿದರೆ ಅದು 29 ಮಿ.ಮೀ. ಹೊರಗೆ ಬಂದು ಮಡ್‌ಗಾರ್ಡ್ ತುದಿಗೆ ಉಜ್ಜುತ್ತದೆ, ಬ್ರೇಕ್ ಹಿಡಿದಾಗ ಸ್ಟಿಯರಿಂಗ್ ಎಳೆಯುವ ರೀತಿಯೂ ಬದಲಾಗುತ್ತದೆ. ಹೊಸ ವೀಲನ್ನು ಹಳೆಯ ಕಾರಿಗೆ ಹಾಕಿದರೆ ಅಷ್ಟೇ ಒಳಗೆ ಸರಿದು ಸಸ್ಪೆನ್ಷನ್ನಿಗೆ ತಾಗುತ್ತದೆ.

ಆದ್ದರಿಂದ ವೀಲನ್ನು ಬೋರಲು ಹಾಕಿ. ಒಳಗಿನ ಬ್ರೇಕ್ ದೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅಗಲ, ಇಟಿ, ಪಾರ್ಟ್ ನಂಬರ್ ಅಚ್ಚೊತ್ತಿದ್ದು ಕಾಣುತ್ತದೆ. ಅಕ್ಷರ ಅಳಿಸಿಹೋಗಿದ್ದರೂ ಚಿಂತೆಯಿಲ್ಲ. ಟೈರ್ ಇಲ್ಲದ ರಿಮ್ಮಿನ ಅಂಚಿನಿಂದ ಅಂಚಿಗೆ ಒಂದು ನೇರ ಪಟ್ಟಿ ಅಡ್ಡ ಇಟ್ಟು, ಅಲ್ಲಿಂದ ಹಬ್‌ಗೆ ಒರಗುವ ಮುಖದವರೆಗೆ ಅಳೆಯಿರಿ. 7 ಇಂಚು ಅಗಲದ ಹಳೆಯ ವೀಲಿನಲ್ಲಿ ಸುಮಾರು 12.5 ಸೆಂ.ಮೀ. ಬರುತ್ತದೆ, ನಂತರದ್ದರಲ್ಲಿ 15.5 ಸೆಂ.ಮೀ. ಹತ್ತಿರ. ಎರಡು ನಿಮಿಷದ ಕೆಲಸ.

ತಪ್ಪು ಕಲ್ಪನೆ 2: ಕಂಪನಿ ವೀಲ್ ಗಟ್ಟಿ, ಸ್ವಲ್ಪ ಡೊಂಕಿದ್ದರೆ ಬ್ಯಾಲೆನ್ಸಿಂಗ್‌ನಲ್ಲಿ ಸರಿಹೋಗುತ್ತದೆ

ಸತ್ಯ: ಕಂಪನಿ ವೀಲ್ ಗಟ್ಟಿ ಎನ್ನುವುದು ನಿಜ, ಅದು ಕಾರ್ಖಾನೆ ಬಿಟ್ಟ ದಿನದ ಮಾತು. ಈಗ ಅದಕ್ಕೆ ಮೂವತ್ತೈದು, ನಲವತ್ತು ವರ್ಷ. ಎಷ್ಟು ಗುಂಡಿಗೆ ಬಿದ್ದಿದೆ, ಎಷ್ಟು ಸಲ ಫುಟ್‌ಪಾತಿಗೆ ಗುದ್ದಿದೆ ಎಂಬ ಲೆಕ್ಕ ಯಾರ ಬಳಿಯೂ ಇಲ್ಲ. ಬ್ಯಾಲೆನ್ಸಿಂಗ್ ಮಾಡುವುದು ತೂಕದ ಕೆಲಸ. ಸೀಸ ಅಂಟಿಸಿ ಭಾರ ಸರಿತೂಗಿಸಬಹುದು, ಅಂಡಾಕಾರವಾದ ರಿಮ್ಮನ್ನು ದುಂಡಗೆ ಮಾಡಲಾಗದು. ಟೈರ್ ಹಾಕುವ ಮೊದಲೇ ಬರೀ ವೀಲನ್ನು ಯಂತ್ರಕ್ಕೇರಿಸಿ ತಿರುಗಿಸಲು ಹೇಳಿ, ಒಳ ಅಂಚಿನ ಮೇಲೆ ಕಣ್ಣಿಡಿ. ಪೆಟ್ಟು ಹೆಚ್ಚಾಗಿ ಬೀಳುವುದು ಅಲ್ಲಿಗೇ, ಮಾರುವವರು ತೋರಿಸದ ಜಾಗವೂ ಅದೇ. ಕಡ್ಡಿಯ ಬುಡದಲ್ಲಿ ಬಿರುಕಿದ್ದರೆ, ವೆಲ್ಡಿಂಗ್ ಮಾಡಿದ ಗುರುತಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ತಪ್ಪು ಕಲ್ಪನೆ 3: ಥ್ರೆಡ್ ಸರಿಹೊಂದಿದರೆ ಯಾವ ನಟ್ ಆದರೂ ಸರಿ

ಸತ್ಯ: ನಟ್ಟಿನ ತುದಿ ವೀಲಿಗೆ ಒರಗುವ ಆಕಾರವೂ ಮುಖ್ಯ. ಪೋರ್ಶೆಯದು ಗೋಲಿಯಂತೆ ದುಂಡಗಿನ ತುದಿ, ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ನಟ್‌ಗಳದು ಶಂಕುವಿನಂತೆ ಇಳಿಜಾರು. ಇಳಿಜಾರಿನ ನಟ್ಟನ್ನು ದುಂಡು ಕುಳಿಯಲ್ಲಿ ಬಿಗಿದರೆ ತೆಳ್ಳನೆಯ ಒಂದು ಬಳೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತದೆ. ಸ್ಪ್ಯಾನರಿಗೆ ಬಿಗಿ ಅನ್ನಿಸಿದರೂ ಹಿಡಿತ ಇರುವುದಿಲ್ಲ.

ಹೊಸದಾಗಿ ಬಣ್ಣ ಹೊಡೆಸಿದ ವೀಲಿನಲ್ಲಿ ಇನ್ನೊಂದು ಅಪಾಯವಿದೆ. ಪೌಡರ್ ಕೋಟಿಂಗ್ ಮಾಡುವಾಗ ನಟ್ ಕೂರುವ ಕುಳಿ ಮತ್ತು ಹಬ್‌ಗೆ ಒರಗುವ ಮುಖವನ್ನು ಮುಚ್ಚದೆ ಬಿಟ್ಟರೆ ಅಲ್ಲೂ ದಪ್ಪ ಪದರ ಕೂರುತ್ತದೆ. ಓಡಾಟದಲ್ಲಿ ಆ ಪದರ ಅಪ್ಪಚ್ಚಿಯಾದಂತೆ ನಟ್ ಸಡಿಲವಾಗುತ್ತದೆ. ಈ ಎರಡು ಜಾಗದಲ್ಲಿ ಬರೀ ಲೋಹವೇ ಕಾಣಬೇಕು. 944ಕ್ಕೆ ಕಂಪನಿ ಹೇಳಿದ ಬಿಗಿ 130 ನ್ಯೂಟನ್ ಮೀಟರ್. ಟಾರ್ಕ್ ರೆಂಚ್‌ನಲ್ಲಿ, ಒಂದು ಬಿಟ್ಟು ಒಂದರಂತೆ ಬಿಗಿಯಿರಿ. 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ.

ತಪ್ಪು ಕಲ್ಪನೆ 4: ಬಟನ್ ಇದೆ, ಅಂದಮೇಲೆ ಟೈರ್ ಚೆನ್ನಾಗಿದೆ

ಸತ್ಯ: ವೀಲಿನ ಜೊತೆ ಟೈರೂ ಬಂದರೆ ಲಾಭವಾಯಿತು ಅನ್ನಿಸುತ್ತದೆ. ಆದರೆ ಸ್ಪೋರ್ಟ್ಸ್ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಅವುಗಳ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಗಾಳಿ, ಬಿಸಿಲು, ಶಾಖಕ್ಕೆ ರಬ್ಬರ್ ಗಡುಸಾಗಿ ರಸ್ತೆಯ ಹಿಡಿತ ಬಿಡುತ್ತದೆ.

ವಯಸ್ಸು ತಿಳಿಯುವುದು ಕಷ್ಟವಲ್ಲ. ಟೈರಿನ ಪಕ್ಕದಲ್ಲಿ ‘ಡಾಟ್’ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 3516 ಎಂದಿದ್ದರೆ 2016ರ 35ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಬಟನ್ ಎಷ್ಟೇ ಆಳವಿದ್ದರೂ ಗುಜರಿಗೆ ಸೇರಬೇಕು. ಪೂರ್ತಿ ಅಂಕಿ ಹೊರಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿ ಹುಡುಕಿ.

2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ನಟ ಪಾಲ್ ವಾಕರ್ ಪ್ರಯಾಣಿಸುತ್ತಿದ್ದ ಪೋರ್ಶೆ ಕರೇರಾ ಜಿಟಿ ಅಪಘಾತಕ್ಕೀಡಾಗಿ ಅವರೂ, ಕಾರು ಓಡಿಸುತ್ತಿದ್ದ ಗೆಳೆಯರೂ ತೀರಿಹೋದರು. ಅಪಘಾತಕ್ಕೆ ಕಾರಣ ಅತಿವೇಗವೆಂದು ತನಿಖೆ ಹೇಳಿತು, ಆ ಕಾರಿನ ಟೈರ್‌ಗಳಿಗೆ ಒಂಬತ್ತು ವರ್ಷವಾಗಿತ್ತೆಂಬುದನ್ನೂ ದಾಖಲಿಸಿತು. ಐದು ವರ್ಷ ದಾಟಿದ ಟೈರನ್ನು ಪ್ರತಿವರ್ಷ ಪರೀಕ್ಷಿಸಬೇಕು, ಹತ್ತು ದಾಟಿದ್ದನ್ನು ಹೇಗಿದ್ದರೂ ತೆಗೆಯಬೇಕು ಎಂದು ಮಿಶೆಲಿನ್‌ನಂಥ ತಯಾರಕರೇ ಹೇಳುತ್ತಾರೆ. ವೇಗದ ಕಾರಿಗೆ ಇನ್ನೂ ಬೇಗ ಬದಲಿಸುವುದು ಒಳ್ಳೆಯದು.

ತಪ್ಪು ಕಲ್ಪನೆ 5: ಮುಂದೆ ಹಿಂದೆ ಬೇರೆ ಬೇರೆ ಸೈಜ್ ಇದ್ದರೆ ಜೋಡಿ ತಪ್ಪಿದೆ

ಸತ್ಯ: 1986ರ 944 ಟರ್ಬೊ ಕಾರ್ಖಾನೆಯಿಂದ ಬಂದದ್ದೇ ಮುಂದೆ 205/55, ಹಿಂದೆ 225/50 ಟೈರಿನೊಂದಿಗೆ. ಎರಡೂ 16 ಇಂಚಿನವು. ಲೆಕ್ಕ ಹಾಕಿ ನೋಡಿ. 205ರ ಶೇ 55 ಎಂದರೆ 112.75 ಮಿ.ಮೀ. ಎತ್ತರದ ಗೋಡೆ. ಅದರ ಎರಡರಷ್ಟನ್ನು 16 ಇಂಚಿಗೆ, ಅಂದರೆ 406.4 ಮಿ.ಮೀ.ಗೆ ಕೂಡಿಸಿದರೆ 631.9. ಹಿಂದಿನದಕ್ಕೂ ಹೀಗೆಯೇ ಮಾಡಿದರೆ 631.4. ಅಗಲ ಬೇರೆಯಾದರೂ ಎತ್ತರದ ವ್ಯತ್ಯಾಸ ಒಂದು ಮಿ.ಮೀ. ಕೂಡ ಇಲ್ಲ. ಹೊಂದಾಣಿಕೆ ಎಂದರೆ ಇದು. ಎತ್ತರ ತಪ್ಪಿದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಎಬಿಎಸ್ ಲೆಕ್ಕವೂ ಕೆಡುತ್ತದೆ. 944ರ ಬಳಿಕ ಬಂದ ಪೋರ್ಶೆ 968ರ 17 ಇಂಚಿನ ವೀಲ್ ಹಾಕುವವರೂ ಇದೇ ಲೆಕ್ಕ ಹಾಕಬೇಕು. ಅದರ 225/45 ಮತ್ತು 255/40 ಟೈರ್‌ಗಳ ಎತ್ತರ 634.3 ಮತ್ತು 635.8 ಮಿ.ಮೀ. ಒಂದೇ ಆಕ್ಸಲ್‌ನ ಎಡಬಲದಲ್ಲಿ ಮಾತ್ರ ಕಂಪನಿ, ಮಾದರಿ, ಸೈಜ್ ಮೂರೂ ಒಂದೇ ಇರಲೇಬೇಕು.

ತಪ್ಪು ಕಲ್ಪನೆ 6: ಹಳೆಯ ಟೈರಿನಲ್ಲಿ ‘ವಿ’ ಇತ್ತು, ಹೊಸದರಲ್ಲೂ ‘ವಿ’ ಇದ್ದರೆ ಸಾಕು

ಸತ್ಯ: ಅಕ್ಷರ ಅದೇ, ಅರ್ಥ ಬೇರೆ. 1980ರ ದಶಕದಲ್ಲಿ ಸೈಜಿನ ನಡುವೆ ‘ವಿಆರ್’ ಎಂದಿದ್ದರೆ ಗಂಟೆಗೆ 210 ಕಿ.ಮೀ. ಮೀರಿದ ವೇಗಕ್ಕೆ ಎಂದರ್ಥ. ಈಗ ಸೈಜಿನ ಕೊನೆಗೆ ಬರುವ ‘ವಿ’ಯ ಮಿತಿ 240. 1986ರ ಟರ್ಬೊದ ಗರಿಷ್ಠ ವೇಗ 245 ಕಿ.ಮೀ., ಅದಕ್ಕೆ ಬೇಕಾದದ್ದು 270ರವರೆಗೆ ತಡೆಯುವ ‘ಡಬ್ಲ್ಯೂ’. ಪೋರ್ಶೆ ಒಪ್ಪಿದ ಟೈರ್‌ಗಳ ಮೇಲಿನ ‘ಎನ್0’, ‘ಎನ್1’ ಗುರುತಿನ ಸಂಖ್ಯೆಯನ್ನೂ ಹಲವರು ದರ್ಜೆ ಎಂದುಕೊಳ್ಳುತ್ತಾರೆ. ಅದು ಪೀಳಿಗೆಯ ಸಂಖ್ಯೆ. ಒಂದೇ ಆಕ್ಸಲ್‌ನಲ್ಲಿ ಬೇರೆ ಬೇರೆ ಸಂಖ್ಯೆ ಬೆರೆಸಬಾರದು.

ತಪ್ಪು ಕಲ್ಪನೆ 7: ಎರಡೇ ಹೊಸ ಟೈರ್ ಕೊಂಡರೆ ಸ್ಟಿಯರಿಂಗ್ ಇರುವ ಮುಂದಕ್ಕೆ ಹಾಕಬೇಕು

ಸತ್ಯ: ಒಳ್ಳೆಯ ಜೋಡಿ ಇರಬೇಕಾದದ್ದು ಹಿಂದೆ. ಮಳೆನೀರಿನ ಮೇಲೆ ಮುಂದಿನ ಟೈರ್ ಜಾರಿದರೆ ಕಾರು ನೇರ ಹೋಗುತ್ತದೆ, ಆಕ್ಸಲರೇಟರ್ ಬಿಟ್ಟರೆ ಮತ್ತೆ ಹಿಡಿತ ಸಿಗುವ ಸಾಧ್ಯತೆ ಇದೆ. ಹಿಂದಿನದು ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ. ಮುಂದೆ ಹಿಂದೆ ಬೇರೆ ಸೈಜ್ ಇರುವ ಟರ್ಬೊದಂಥ ಕಾರಿನಲ್ಲಿ ಅದಲುಬದಲಿಗೂ ಅವಕಾಶವಿಲ್ಲ. ಅಲ್ಲಿ ಹಿಂದಿನ ಟೈರ್ ಮುದಿಯಾಗಿದ್ದರೆ ಮುಂದಿನದನ್ನಷ್ಟೇ ಹೊಸದು ಮಾಡಿ ತೃಪ್ತಿಪಡಬೇಡಿ, ಸಾಧ್ಯವಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ.

ಕಾರ್ಖಾನೆಯ ಎಂಜಿನಿಯರ್‌ಗಳು ವೀಲ್, ಟೈರ್, ಸಸ್ಪೆನ್ಷನ್ ಮೂರನ್ನೂ ಒಟ್ಟಿಗೆ ಕೂತು ಲೆಕ್ಕ ಹಾಕಿದವರು. ‘ಕಂಪನಿ ವೀಲ್’ ಎಂಬ ಮಾತಿಗೆ ಬೆಲೆ ಬರುವುದು ಅದು ನಿಮ್ಮದೇ ಕಾರಿನ, ನಿಮ್ಮದೇ ವರ್ಷದ ಲೆಕ್ಕಕ್ಕೆ ಹೊಂದಿದಾಗ. ಆದ್ದರಿಂದ ನನ್ನದೊಂದು ವಿನಂತಿ. ವೀಲ್ ನೋಡಲು ಹೋಗುವಾಗ ಟೇಪು, ನೇರವಾದ ಪಟ್ಟಿ, ಟಾರ್ಚು, ಒದ್ದೆ ಬಟ್ಟೆ ಜೊತೆಗಿರಲಿ. ವೀಲನ್ನು ಬೋರಲು ಹಾಕಿ ಇಟಿ ಓದಿ, ಟೈರಿನ ನಾಲ್ಕು ಅಂಕಿ ಓದಿ, ಆಮೇಲೆ ಹಣದ ಮಾತು ಆಡಿ. ಓದಲು ಬಿಡದವರ ಬಳಿ ಕೊಳ್ಳಬೇಡಿ.