ಇಲಿ, ಕರೆಂಟು ಮತ್ತು ಊಟದ ಹೊತ್ತು

ಮೆದುಳಿನ ‘ಸುಖಕೇಂದ್ರ’ಕ್ಕೆ ತಂತಿ ಇಳಿಸಿ, ಕರೆಂಟು ಹರಿಸುವ ಸನ್ನೆಕೋಲನ್ನು ಇಲಿಯ ಮುಂದಿಟ್ಟರೆ ಅದು ಅನ್ನನೀರು ಬಿಟ್ಟು ಒತ್ತುತ್ತಲೇ ಸಾಯುತ್ತದಂತೆ! ಮೊಬೈಲ್ ಚಟದ ಬಗ್ಗೆ ಭಾಷಣ ಮಾಡುವವರಿಗೆ ಈ ಇಲಿ ಅಚ್ಚುಮೆಚ್ಚು. ಕಥೆ ಪೂರ್ತಿ ಸುಳ್ಳಲ್ಲ, ಅದರ ಅರ್ಧಭಾಗ ಕಳೆದುಹೋಗಿದೆ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ 1954ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳು ಕರೆಂಟಿಗಾಗಿ ಮತ್ತೆ ಮತ್ತೆ ಸನ್ನೆ ಒತ್ತಿದ್ದು ನಿಜ. ಉಪವಾಸದ ಸಂಗತಿ ಬಂದದ್ದು 1965ರ ರೌಟೆನ್‌ಬರ್ಗ್–ಲಿಂಡಿ ಪ್ರಯೋಗದಿಂದ. ಅಲ್ಲಿ ಇಲಿಗೆ ಊಟ ಸಿಗುತ್ತಿದ್ದುದು ದಿನಕ್ಕೆ ಒಂದೇ ಗಂಟೆ. ಕರೆಂಟಿನ ಸನ್ನೆ ಸಿಗುತ್ತಿದ್ದುದೂ ಅದೇ ಗಂಟೆಯಲ್ಲಿ. ಮೆದುಳಿನ ಭಾಗವಾದ ಹೈಪೊಥಲಾಮಸ್‌ಗೆ ತಂತಿ ಇಳಿಸಿದ್ದ ಇಲಿಗಳು ಕರೆಂಟನ್ನೇ ಆರಿಸಿಕೊಂಡು ಹಸಿದು ಸೊರಗಿದವು. ಆದರೆ ಹಿಂದಿನ ವರ್ಷವೇ ವ್ಯಾಲೆನ್‌ಸ್ಟೀನ್ ಮತ್ತು ಬೀರ್ ಊಟ, ಕರೆಂಟು ಎರಡನ್ನೂ ಹಗಲೂ ರಾತ್ರಿ ಇಲಿಗಳಿಗೆ ಬಿಟ್ಟುಕೊಟ್ಟು ನೋಡಿದ್ದರು. ಅವು ದಿನಗಟ್ಟಲೆ ಸನ್ನೆ ಒತ್ತಿದವು, ಉಣ್ಣುವುದನ್ನೂ ಬಿಡಲಿಲ್ಲ. ಭಾಷಣಕ್ಕೆ ಈ ಇಲಿಗಳಿಂದ ಉಪಯೋಗವಿಲ್ಲವಲ್ಲ, ಹಾಗಾಗಿ ಇವು ಪ್ರಸಿದ್ಧವಾಗಲಿಲ್ಲ.

ಮೆದುಳಿನ ಒಂದೊಂದು ಚುಕ್ಕೆಗೂ ಒಂದೊಂದು ನಡವಳಿಕೆ ಅಂಟಿಕೊಂಡಿದೆ ಎನ್ನುವುದು ಇನ್ನೊಂದು ನಂಬಿಕೆ. 1968ರಲ್ಲಿ ಇದೇ ವ್ಯಾಲೆನ್‌ಸ್ಟೀನ್ ಸಂಗಡಿಗರ ಜೊತೆ ಇದನ್ನು ಕೆಣಕಿದರು. ಕರೆಂಟು ಬಿಟ್ಟಾಗಲೆಲ್ಲ ತಿನ್ನಲು ಧಾವಿಸುತ್ತಿದ್ದ ಇಲಿಯ ಮುಂದಿನಿಂದ ಆಹಾರ ಎತ್ತಿಬಿಟ್ಟರು. ತಂತಿ ಅದೇ, ಜಾಗ ಅದೇ, ಕರೆಂಟೂ ಅದೇ. ಸ್ವಲ್ಪ ಕಾಲದಲ್ಲಿ ಇಲಿ ನೀರು ಕುಡಿಯಲೋ ಮರದ ತುಂಡು ಕಡಿಯಲೋ ತೊಡಗಿತು.

ಇನ್ನು ಸುಖದ ಮಾತು. ಇಲಿಯ ಬಾಯಿಗೆ ಸಿಹಿ ಬಿದ್ದರೆ ಅದು ನಾಲಗೆ ಚಾಚಿ ನೆಕ್ಕುತ್ತದೆ. ಕಹಿ ಬಿದ್ದರೆ ಬಾಯಗಲಿಸಿ ತಲೆ ಕೊಡವುತ್ತದೆ. ಕರೆಂಟು ತಾಗಿ ಗಬಗಬನೆ ತಿನ್ನುತ್ತಿದ್ದ ಇಲಿಗಳಲ್ಲಿ ಬೆರಿಜ್ ಮತ್ತು ವ್ಯಾಲೆನ್‌ಸ್ಟೀನ್ 1991ರಲ್ಲಿ ಈ ಚಹರೆಗಳನ್ನು ಗಮನಿಸಿದರು. ಮೆಚ್ಚುಗೆಯ ಚಿಹ್ನೆ ಹೆಚ್ಚಲಿಲ್ಲ. ಬೇಸರದ್ದೇ ತುಸು ಹೆಚ್ಚಿತು. ಬೇಕೆನಿಸುವುದೂ ಹಿತವೆನಿಸುವುದೂ ಬೇರೆ ಬೇರೆ ಎಂಬ ವಾದಕ್ಕೆ ಬಲ ಬಂದದ್ದು ಹೀಗೆ.

ಇಂಥ ಕರೆಂಟಿನಿಂದ ಇಲಿಯ ಮೆದುಳು ಕೆಟ್ಟೇ ಕೆಡುತ್ತದೆ ಎನ್ನುವವರು ಬೆಂಗಳೂರಿನ ನಿಮ್ಹಾನ್ಸ್‌ನತ್ತ ನೋಡಬಹುದು. ಅಲ್ಲಿನ ಸಂಶೋಧಕರು ದಿನವೂ ಅಲುಗಾಡದಂತೆ ಕಟ್ಟಿಹಾಕಿ ಒತ್ತಡಕ್ಕೆ ಒಳಪಡಿಸಿದ ಇಲಿಗಳಿಗೆ ಆಮೇಲೆ ಸನ್ನೆ ಒತ್ತುವ ಅವಕಾಶ ಕೊಟ್ಟರು. ಮೆದುಳಿನ ಇನ್ನೊಂದು ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಕುಗ್ಗಿದ್ದ ನರಕೋಶದ ಕವಲುಗಳು ಚೇತರಿಸಿಕೊಂಡವು, ದಾರಿ ನೆನಪಿಟ್ಟುಕೊಳ್ಳುವ ಶಕ್ತಿಯೂ ಮರಳಿತು ಎಂದು 2008ರಲ್ಲಿ ಅವರು ವರದಿ ಮಾಡಿದರು.