ಹುಲ್ಲಿನ ಕೋಣೆಯ ಬಲ್ಬು: ಒಂದು ಅಡಿ ಅಂತರ ಇರಲಿ

ಬೆಳಗಿನ ಜಾವ ಐದು ಗಂಟೆಗೆ ಬೂದಿಕೋಟೆ ಸುತ್ತಿನ ಯಾವ ಹಳ್ಳಿಗೆ ಹೋದರೂ ಕೊಟ್ಟಿಗೆಯಲ್ಲಿ ದೀಪ ಉರಿಯುತ್ತಿರುತ್ತದೆ. ಹಾಲು ಕರೆದು ಡೈರಿಗೆ ಹಾಕುವ ಹೊತ್ತು ಅದು. ಕೊಟ್ಟಿಗೆಗೆ ಅಂಟಿಕೊಂಡಂತೆ ರಾಗಿ ಹುಲ್ಲು, ಹಿಂಡಿ ಮೂಟೆ ತುಂಬಿದ ಪುಟ್ಟ ಕೋಣೆ. ಅದರಲ್ಲಿ ವೈರಿಗೆ ನೇತುಹಾಕಿದ ಒಂದು ಬಲ್ಬು. ಸುಗ್ಗಿ ಮುಗಿದ ಮೇಲೆ ಹುಲ್ಲು ಸೂರಿನವರೆಗೆ ಏರಿ ಬಲ್ಬನ್ನೇ ಮುಟ್ಟುತ್ತದೆ. ಅಪಾಯ ಇರುವುದು ಅಲ್ಲೇ.

ನಮ್ಮ ಭಾಗಕ್ಕೆ ಕರೆಂಟು ಹೊಸದಲ್ಲ. ಶಿವನಸಮುದ್ರದ ವಿದ್ಯುತ್ 1902ರಲ್ಲೇ ಕೋಲಾರ ಚಿನ್ನದ ಗಣಿಗೆ ಬಂತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಆದರೂ ಮನೆಗೆ ವೈರಿಂಗ್ ಮಾಡಿಸುವಾಗ ತೋರುವ ಕಾಳಜಿಯನ್ನು ಕೊಟ್ಟಿಗೆಗೆ ನಾವು ತೋರುವುದಿಲ್ಲ.

ಹಳೆಯ ತಂತಿ ಬಲ್ಬು ಎಳೆದುಕೊಳ್ಳುವ ಕರೆಂಟಿನ ಬಹುಪಾಲು ಬೆಳಕಾಗುವುದಿಲ್ಲ, ಶಾಖವಾಗುತ್ತದೆ. ಅದರ ಮೇಲೆ ಹೊಟ್ಟು, ಧೂಳು ಕೂತರೆ ಮೆಲ್ಲಗೆ ಕರಕಲಾಗಿ ಕಿಡಿ ಹಿಡಿಯಬಹುದು. ಬಲ್ಬು ಒಡೆದರೆ ಕಾದ ತಂತಿ ನೇರ ಹುಲ್ಲಿನ ಮೇಲೆ ಬೀಳುತ್ತದೆ.

ಇದೇ ಕಾರಣಕ್ಕೆ ಅಮೆರಿಕದ ವಿದ್ಯುತ್ ಸಂಹಿತೆ ಬಟ್ಟೆ ಇಡುವ ಸಣ್ಣ ಕೋಣೆಗಳಲ್ಲಿ ಮುಚ್ಚಳವಿಲ್ಲದ ತಂತಿ ಬಲ್ಬನ್ನು ನಿಷೇಧಿಸಿದೆ. ಚಾವಣಿಗೆ ಅಥವಾ ಬಾಗಿಲ ಮೇಲಿನ ಗೋಡೆಗೆ ಕೂರಿಸುವ ಮುಚ್ಚಿದ ಎಲ್‌ಇಡಿ ದೀಪಕ್ಕೂ ಸಾಮಾನು ಇಡುವ ಜಾಗಕ್ಕೂ 12 ಅಂಗುಲ, ಟ್ಯೂಬ್‌ಲೈಟಿಗೆ 6 ಅಂಗುಲ ಅಂತರ ಇರಬೇಕು ಎನ್ನುತ್ತದೆ. ಮಡಿಸಿಟ್ಟ ಬಟ್ಟೆಗೇ ಇಷ್ಟು ಎಚ್ಚರ ಬೇಕಾದರೆ, ಒಣ ಹುಲ್ಲಿಗೆ ಎಷ್ಟು ಬೇಕು?

ರೈತ ಬಾಂಧವರು ಮಾಡಬೇಕಾದದ್ದು ಇಷ್ಟು:

• ಹುಲ್ಲಿನ ಕೋಣೆಯಿಂದ ತಂತಿ ಬಲ್ಬನ್ನು ತೆಗೆದುಬಿಡಿ. ಧೂಳು, ನೀರು ಒಳಹೋಗದಂತೆ ಮುಚ್ಚಿದ ಎಲ್‌ಇಡಿ ದೀಪ ಹಾಕಿಸಿ.

• ದೀಪ ಬಾಗಿಲ ಮೇಲಿನ ಗೋಡೆಯಲ್ಲಿರಲಿ. ಅದರಿಂದ ಕನಿಷ್ಠ ಒಂದು ಅಡಿ ದೂರದಲ್ಲಿ ಗೋಡೆಗೆ ಗೆರೆ ಎಳೆಯಿರಿ. ಹುಲ್ಲು ಆ ಗೆರೆ ದಾಟಬಾರದು.

• ಸ್ವಿಚ್ಚು ಕೋಣೆಯ ಹೊರಗಿರಲಿ. ಹೊರಬಂದ ಕೂಡಲೇ ಆರಿಸಿ.

• ಇಲಿ ಕಡಿಯದಂತೆ ವೈರು ಪೈಪಿನೊಳಗೆ ಹೋಗಲಿ. ಟೇಪು ಸುತ್ತಿದ ಜಾಯಿಂಟು ಹುಲ್ಲಿನ ಬಳಿ ಬೇಡವೇ ಬೇಡ.

• ಕೊಟ್ಟಿಗೆಯ ಲೈನಿಗೆ ಸರಿಯಾದ ಅರ್ತಿಂಗ್ ಮತ್ತು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

• ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ.

ಅರ್ತಿಂಗ್ ವಿಷಯದಲ್ಲಿ ಉದಾಸೀನ ಬೇಡ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು. ಒದ್ದೆ ನೆಲದಲ್ಲಿ ಕರೆಂಟು ಸೋರಿದರೆ ಅದು ಆ ಕಾಲುಗಳ ನಡುವೆ ಎದೆಯ ಮೂಲಕವೇ ಹಾಯುತ್ತದೆ. ಮನುಷ್ಯನಿಗೆ ಜುಮ್ ಎನ್ನುವಷ್ಟು ಕರೆಂಟು ಹಸುವಿನ ಪ್ರಾಣ ತೆಗೆಯಬಹುದು. ಹಾಲು ಕರೆಯುವಾಗ ಹಸು ಕಾರಣವಿಲ್ಲದೆ ಬೆದರಿದರೆ, ನೀರಿನ ತೊಟ್ಟಿಗೆ ಬಾಯಿ ಹಾಕಲು ಹಿಂಜರಿದರೆ ವೈರಿಂಗನ್ನೂ ಒಮ್ಮೆ ಪರೀಕ್ಷಿಸಿ.

ಬೆಂಕಿ ಕಂಡರೆ ಮೊದಲು ಮೇನ್ ಸ್ವಿಚ್ ಆರಿಸಿ, ಹಗ್ಗ ಕತ್ತರಿಸಿ ರಾಸುಗಳನ್ನು ಹೊರಗೆ ಹೊಡೆಯಿರಿ, 112ಕ್ಕೆ ಕರೆ ಮಾಡಿ. ಕರೆಂಟು ಇರುವಾಗ ನೀರು ಎರಚಬೇಡಿ. ಕಂಬ, ಸರ್ವಿಸ್ ವೈರಿನ ದೂರುಗಳಿಗೆ ಬೆಸ್ಕಾಂ ಸಹಾಯವಾಣಿ 1912 ಇದೆ.

ಒಂದು ಎಲ್‌ಇಡಿ ದೀಪ, ಒಂದು ಆರ್‌ಸಿಸಿಬಿ, ಒಂದು ದಿನದ ಕೂಲಿ. ಎದುರಿಗೆ ಇಟ್ಟು ನೋಡಿದರೆ ವರ್ಷದ ಮೇವು, ಕೊಟ್ಟಿಗೆಯ ಹಸುಗಳು, ವಾರವಾರದ ಹಾಲಿನ ಬಟವಾಡೆ. ಇವತ್ತು ಸಂಜೆ ಹಾಲು ಹಾಕಿ ಬಂದ ಮೇಲೆ ಹುಲ್ಲಿನ ಕೋಣೆಯ ಬಾಗಿಲು ತೆಗೆದು ಒಮ್ಮೆ ತಲೆಯೆತ್ತಿ ನೋಡಿ.